ಗಾಡಿಯಲ್ಲಿ 'ಪೀಂ' ಅಂತ ಕೇಳಿದರೆ ಗಾಬರಿಯಾಗಬೇಡಿ

ಶಿರಸಿ

ನಮ್ಮ ಗ್ರಾಹಕರಿಗೆ ನಮಸ್ಕಾರ.

ಈ ತಿಂಗಳಿಂದ ನಮ್ಮ ಮೂರೂ ಟೆಂಪೋ ಟ್ರಾವೆಲರ್‌ಗಳಲ್ಲಿ ಸ್ಟೇರಿಂಗಿನ ಮುಂದೆ ಬೆಂಕಿಪೊಟ್ಟಣದಷ್ಟು ಕ್ಯಾಮೆರಾ ಒಂದು ಕೂತಿದೆ. ಅದಕ್ಕೆ ಬೇಕಾದ್ದು ಡ್ರೈವರ್ ಕಣ್ಣು ಮಾತ್ರ. ಆ ಕಣ್ಣು ರಸ್ತೆ ಬಿಟ್ಟು ಬೇರೆ ಕಡೆ ಹೋದರೆ 'ಪೀಂ' ಅಂತ ಕೂಗಿ ಎಚ್ಚರಿಸುತ್ತದೆ. "ನಮ್ಮ ವಿಡಿಯೋನೂ ತೆಗೀತೀರಾ?" ಅಂತ ಕೆಲವರು ಕೇಳಿದರು. ಇಲ್ಲ. ರೆಕಾರ್ಡ್ ಮಾಡದ ಮಾದರಿಯನ್ನೇ ತರಿಸಿದ್ದೇವೆ.

ಯಾಕೆ ಬೇಕಾಯಿತು ಅಂತ ಮುಚ್ಚಿಡುವುದಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಮಣಿಪಾಲದಿಂದ ಪೇಶಂಟ್ ಕರೆದುಕೊಂಡು ಬರುವಾಗ, ಹೊನ್ನಾವರದ ಶರಾವತಿ ಸೇತುವೆ ಮೇಲೆ ನಮ್ಮ ಗಾಡಿ ಎಡಕ್ಕೆ ಜಾರಿತು. ಡ್ರೈವರ್ ತೂಕಡಿಸಿದ್ದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ತಪ್ಪು ನಮ್ಮದೇ, ಹಿಂದಿನ ರಾತ್ರಿಯೂ ಅವರನ್ನೇ ಕಳಿಸಿದ್ದೆವು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಕಣ್ಣು ಮುಚ್ಚಿದರೆ ಗಾಡಿ 33 ಮೀಟರ್ ಓಡಿರುತ್ತದೆ.

ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಕ್ಯಾಮೆರಾ ಬಿಡುತ್ತದೆ. ಆ ಬೆಳಕು ಡ್ರೈವರ್ ಕಣ್ಣಿನ ಮೇಲೆ ಚುಕ್ಕೆಯಾಗಿ ಹೊಳೆಯುತ್ತದೆ. ಚುಕ್ಕೆಗೂ ಪಾಪೆಗೂ ಎಷ್ಟು ಅಂತರ ಅಂತ ನೋಡಿ, ಡ್ರೈವರ್ ನೋಡುತ್ತಿರುವುದು ರಸ್ತೆಯನ್ನೋ ತೊಡೆ ಮೇಲಿನ ಮೊಬೈಲನ್ನೋ ಅಂತ ಲೆಕ್ಕ ಹಾಕುತ್ತದೆ. ರೆಪ್ಪೆ ಜಾಸ್ತಿ ಹೊತ್ತು ಮುಚ್ಚಿದ್ದರೂ ಕೂಗುತ್ತದೆ.

ಆದರೆ ದೇವಿಮನೆ ಘಟ್ಟದಲ್ಲಿ ಅದು ತಿರುವಿಗೊಮ್ಮೆ ಕೂಗಿತು! ತಿರುವಿನಲ್ಲಿ ಯಾರೂ ಮೂಗಿನ ನೇರಕ್ಕೆ ನೋಡುವುದಿಲ್ಲ ಅಲ್ವಾ? ಕಣ್ಣು ರಸ್ತೆಯ ಒಳ ಅಂಚಿಗೆ ಹೋಗುತ್ತದೆ. ಯಂತ್ರ ಅದನ್ನೇ 'ಗಮನ ಬೇರೆ ಕಡೆ' ಅಂದುಕೊಂಡಿತು. 1994ರಲ್ಲೇ ಬ್ರಿಟನ್ನಿನ ಲ್ಯಾಂಡ್ ಮತ್ತು ಲೀ ಎಂಬ ಸಂಶೋಧಕರು ಡ್ರೈವರುಗಳ ಕಣ್ಣೋಟ ಅಳೆದು ಈ ಒಳ ಅಂಚಿನ ವಿಷಯ ಬರೆದಿದ್ದಾರಂತೆ. "ಅಷ್ಟಕ್ಕೆ ವಿಲಾಯ್ತಿಗೆ ಹೋಗಬೇಕಿತ್ತಾ? ನನ್ನ ಕೇಳಿದ್ರೆ ಹೇಳ್ತಿದ್ದೆ" ಅಂದರು ನಮ್ಮ ಹಿರಿಯ ಡ್ರೈವರ್. ಈಗ ಸೆಟ್ಟಿಂಗ್ ಬದಲಿಸಿದ್ದೇವೆ. ಒಮ್ಮೊಮ್ಮೆ ಸುಮ್ನೆ ಕೂಗಿದರೆ ಸಹಿಸಿಕೊಳ್ಳಿ.

ಕಣ್ಣು ರಸ್ತೆ ಮೇಲಿದ್ದು ಮನಸ್ಸು ಫೋನಿನ ಮಾತಿನಲ್ಲಿದ್ದರೆ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಗಾಡಿ ಓಡಿಸುವಾಗ ಡ್ರೈವರ್ ಇನ್ನು ಫೋನ್ ಎತ್ತುವುದಿಲ್ಲ. 'ಎಲ್ಲಿದ್ದೀರಿ' ಅಂತ ಕೇಳಲು ಆಫೀಸಿಗೇ ಫೋನ್ ಮಾಡಿ. ರಾತ್ರಿ ಓಡಿಸಿದವರಿಗೆ ಮರುದಿನ ರಜೆ. ಬದಲಿ ಡ್ರೈವರ್ ಖರ್ಚಿಗೆ ರಾತ್ರಿ ಟ್ರಿಪ್ಪಿಗೆ 300 ರೂಪಾಯಿ ಜಾಸ್ತಿ ಆಗುತ್ತದೆ. ಹಗಲಿನ ದರ ಮೊದಲಿನಷ್ಟೇ.

ಇನ್ನೊಂದು ಮಾತು. ಹೋದ ವಾರ ದಿಬ್ಬಣದವರೊಬ್ಬರು ಪ್ರೀತಿಯಿಂದ ಭಟ್ಕಳ ಮಲ್ಲಿಗೆ ಮಾಲೆಯನ್ನು ಕ್ಯಾಮೆರಾಕ್ಕೇ ಸುತ್ತಿದ್ದರು. ಕುಮಟೆವರೆಗೂ ಅದಕ್ಕೆ ಏನೂ ಕಾಣಲಿಲ್ಲ. ಮಾಲೆಯನ್ನು ದಯವಿಟ್ಟು ಹೊರಗೆ, ಬಂಪರಿಗೆ ಕಟ್ಟಿ.

ಇಂತಿ,
ನಿಮ್ಮ ಟ್ರಾವೆಲ್ಸ್ ಆಫೀಸಿನವರು