ದೋಣಿಗೆ ಮರ, ಮೊಳೆ ಆರಿಸುವ ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ಹಳೆಯ ಮೀನುಗಾರಿಕೆ ದೋಣಿಯ ಹೊರಮೈಗೆಲ್ಲ ಫೈಬರ್‌ಗ್ಲಾಸ್ ಹೊದಿಸಿಬಿಟ್ಟರೆ ಹಲಗೆ ಬದಲಿಸುವ ರಗಳೆಯೇ ಇರುವುದಿಲ್ಲವಲ್ಲ ಎಂದು ಬರೆದಿದ್ದೀಯೆ. ಅದನ್ನು ನಾನು ಒಪ್ಪಲಾರೆ. ಹಲಗೆ ಜೋಡಿಸಿ ಕಟ್ಟಿದ ದೋಣಿ ನೀರಿಗಿಳಿದಾಗ ಉಬ್ಬುತ್ತದೆ, ದಡದಲ್ಲಿ ಒಣಗಿದಾಗ ಕುಗ್ಗುತ್ತದೆ. ಹೊದಿಕೆ ಮಾತ್ರ ಅದರೊಡನೆ ಹಿಗ್ಗಿ ಕುಗ್ಗುವುದಿಲ್ಲ. ಈ ಎಳೆದಾಟದಲ್ಲಿ ಅದು ಎಲ್ಲೋ ಒಂದು ಕಡೆ ಬಿಟ್ಟುಕೊಳ್ಳುತ್ತದೆ, ಒಳಸೇರಿದ ನೀರು ಹೊರಬರಲು ದಾರಿಯಿಲ್ಲದೆ ಮರವನ್ನು ಕೊಳೆಸುತ್ತದೆ. ಆದ್ದರಿಂದ ಯಾವುದು ಹೆಚ್ಚು ಗಟ್ಟಿ ಎಂದು ವಿಚಾರಿಸುವ ಮೊದಲು, ಅದು ಪಕ್ಕದ ವಸ್ತುವಿನೊಡನೆ ಹೊಂದಿಕೊಳ್ಳುತ್ತದೆಯೇ ಎಂದು ನೋಡು.

ಹೊಸ ಹಲಗೆ ಸಾಧ್ಯವಾದಷ್ಟೂ ಹಳೆಯದರ ಜಾತಿಯದೇ, ಅದೇ ದಪ್ಪದ್ದೇ ಆಗಿರಲಿ. ಕೆಚ್ಚಿನ ಭಾಗವನ್ನೇ ಆರಿಸು. ತೊಗಟೆಯ ಬದಿಯ ಬಿಳಿಮರ ಬೇಗ ಕೊಳೆಯುತ್ತದೆ. ಹಲಗೆಯ ಕೊಯ್ದ ತುದಿಯಲ್ಲಿ ವಾರ್ಷಿಕ ಉಂಗುರಗಳ ಗೆರೆಗಳು ನೆಟ್ಟಗೆ ನಿಂತಿದ್ದರೆ ಅದು ಅಗಲದಲ್ಲಿ ಕಡಿಮೆ ಉಬ್ಬುತ್ತದೆ. ಮಲಗಿದ್ದರೆ ಒಣಗುವಾಗ ಸೊಟ್ಟಗಾಗುತ್ತದೆ. ಎಪಾಕ್ಸಿ ಅಂಟು ಬಳಸುವ ಕಡೆಗಳಲ್ಲಿ ಮರದ ತೇವಾಂಶ ಶೇಕಡ 12ರ ಆಸುಪಾಸಿಗೆ ಇಳಿಯುವವರೆಗೆ ಕಾಯಬೇಕು. ಅಗ್ಗವೆಂದು ಪಾಲಿಯೆಸ್ಟರ್ ರೆಸಿನ್ ತರಬೇಡ, ಅದು ಮರವನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಹಲಗೆಗಳ ನಡುವಿನ ಸಂದುಗಳಿಗಂತೂ ಎಪಾಕ್ಸಿಯೂ ಬೇಡ; ಹತ್ತಿಯ ಎಳೆ ಬಡಿದು, ಮೇಲೆ ಮೆದುವಾಗಿಯೇ ಉಳಿಯುವ ಪುಟ್ಟಿ ತುಂಬು. ಸಂದು ಕಲ್ಲಿನಂತೆ ಗಟ್ಟಿಯಾದರೆ, ಉಬ್ಬಿದ ಹಲಗೆಗೆ ಜಾಗ ಸಾಲದೆ ಒಳಗಿನ ಪಕ್ಕೆಮರಗಳೇ ಬಿರಿಯಬಹುದು.

ಹಣ ಉಳಿಸಬಾರದ ಜಾಗವೆಂದರೆ ಕಣ್ಣಿಗೆ ಬೀಳದ ಸ್ಕ್ರೂಗಳು. ಹಳೆಯ ಹಿತ್ತಾಳೆ ಸ್ಕ್ರೂ ಒಂದನ್ನು ಬಿಚ್ಚಿ ಚಾಕುವಿನಿಂದ ಕೆರೆದು ನೋಡು: ಹಳದಿಯ ಬದಲು ನಸುಗೆಂಪು ಕಂಡರೆ, ಉಪ್ಪುನೀರು ಅದರೊಳಗಿನ ಸತುವನ್ನು ಕರಗಿಸಿದೆ ಎಂದರ್ಥ, ಉಳಿದ ತಾಮ್ರದಲ್ಲಿ ಬಲವಿರುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರಲು ಗಾಳಿಯ ಆಮ್ಲಜನಕ ಬೇಕು, ಒದ್ದೆ ಮರದೊಳಗೆ ಅದು ಸಿಗದೆ ಗುಟ್ಟಾಗಿ ತೂತುಬೀಳುತ್ತದೆ. ಹಾಗಾಗಿ ನೀರಿನ ಮಟ್ಟಕ್ಕಿಂತ ಕೆಳಗೆ ಸಿಲಿಕಾನ್ ಕಂಚನ್ನೂ (ತಾಮ್ರಕ್ಕೆ ಸಿಲಿಕಾನ್ ಬೆರೆಸಿದ ಮಿಶ್ರಲೋಹ), ಮೇಲೆ ಉಪ್ಪುನೀರನ್ನು ಹೆಚ್ಚು ತಾಳುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೂ ಬಳಸು. ಆದರೆ ಇವೆರಡೂ ಒಂದಕ್ಕೊಂದು ತಾಗದಂತೆ ನೋಡಿಕೋ; ಉಪ್ಪುನೀರಿನಲ್ಲಿ ಎರಡು ಬಗೆಯ ಲೋಹಗಳು ಒಂದಕ್ಕೊಂದು ತಗುಲಿಕೊಂಡಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ.

ಕೂರುವ ಹಲಗೆಗೂ ಕಾಲಡಿಯ ಪಟ್ಟಿಗಳಿಗೂ ಸಾಧಾರಣ ಮರ ಸಾಕು. ಆದರೆ ಅವುಗಳನ್ನು ಅಂಟಿಸದೆ, ಬಿಚ್ಚಲು ಬರುವಂತೆ ಕೂಡಿಸು; ಮರವನ್ನು ಕೊಳೆಸುವುದು ಹೆಚ್ಚಾಗಿ ಅವುಗಳ ಕೆಳಗೆ ನಿಲ್ಲುವ ಮಳೆನೀರೇ ಹೊರತು ಸಮುದ್ರದ ನೀರಲ್ಲ.

ಇಂತಿ,
ನಿನ್ನ ಅಪ್ಪ