ಉರಿಮೂತ್ರದ ಬಗ್ಗೆ ಸಿಂಚನಾಗೆ

ಚಿ. ಸಿಂಚನಾಗೆ ದೊಡ್ಡಮ್ಮನ ಆಶೀರ್ವಾದಗಳು.

ಮತ್ತೆ ಉರಿಮೂತ್ರ ಶುರುವಾಗಿದೆ, ರೂಮ್‌ಮೇಟ್ ಹತ್ತಿರ ಉಳಿದಿದ್ದ ಆಂಟಿಬಯಾಟಿಕ್ ನುಂಗಿದ್ದೀಯ ಅಂತ ನಿನ್ನಮ್ಮ ಹೇಳಿದಳು. ಲ್ಯಾಬಿನಲ್ಲಿ ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ನೋಡುತ್ತಲೇ ಕೂದಲು ನರೆತವಳು ನಾನು, ಸುಮ್ನೆ ಇರಲಾರೆ.

ಮೊದಲು ನಾಚಿಕೆ ಬಿಡು. ಇದು ಕೊಳಕಿನಿಂದ ಬಂದದ್ದಲ್ಲ, ಮೈ ಉಷ್ಣದಿಂದಲೂ ಅಲ್ಲ. ಹೆಚ್ಚಿನ ಸಲ ಇ. ಕೋಲಿ ಬ್ಯಾಕ್ಟೀರಿಯಾದ ಕೆಲಸ. ಅದು ನಮ್ಮೆಲ್ಲರ ಕರುಳಲ್ಲೂ ಇರುತ್ತದೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ. ಅಲ್ಲಿಂದ ಮೂತ್ರಕೋಶ ಮುಟ್ಟುವುದು ಸುಲಭ.

ಮೂತ್ರದ ಜೊತೆ ಅದು ಕೊಚ್ಚಿ ಹೋಗಬೇಕಲ್ವಾ? ಎಲ್ಲವೂ ಹೋಗುವುದಿಲ್ಲ. ಅದರ ಮೈಮೇಲೆ ಕೂದಲಿನಂಥ ಎಳೆಗಳಿವೆ. ತುದಿಯಲ್ಲಿರುವ ಫಿಮ್‌ಎಚ್ ಎಂಬ ಪ್ರೋಟೀನ್, ಮೂತ್ರಕೋಶದ ಒಳಪದರದ ಮೇಲಿರುವ ಮ್ಯಾನೋಸ್ ಎಂಬ ಸಕ್ಕರೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಈ ಎಳೆ ಬೆಳೆಯಬೇಕೋ ಬೇಡವೋ ಅನ್ನುವುದು ಡಿಎನ್‌ಎಯ ಒಂದು ಪುಟ್ಟ ತುಂಡಿನ ಕೈಯಲ್ಲಿದೆ. ಅದರ ಇಡೀ ಡಿಎನ್‌ಎಯ ಸುಮಾರು 50 ಲಕ್ಷ ಅಕ್ಷರಗಳ ನಡುವೆ ಬರೀ 314 ಅಕ್ಷರ! ಅದು ಒಂದು ದಿಕ್ಕಿಗೆ ತಿರುಗಿದ್ದರೆ ಎಳೆ ಬೆಳೆಯುತ್ತದೆ, ತಿರುವುಮುರುವಾದರೆ ನಿಲ್ಲುತ್ತದೆ. ಹಾಗಾಗಿ ಒಂದೇ ಮೂಲದ ಬ್ಯಾಕ್ಟೀರಿಯಾಗಳಲ್ಲೂ ಕೆಲವಕ್ಕೆ ಎಳೆ ಇರುತ್ತದೆ, ಕೆಲವಕ್ಕಿಲ್ಲ. ನನಗೆ ಇವತ್ತಿಗೂ ಇದೊಂದು ಬೆರಗು. ಅಂಟಿಕೊಂಡವುಗಳಲ್ಲಿ ಕೆಲವು ಜೀವಕೋಶದ ಒಳಗೇ ಹೊಕ್ಕು ಅಡಗುತ್ತವೆ. ಉರಿ ನಿಂತಿತು ಅಂದ ಮಾತ್ರಕ್ಕೆ ಎಲ್ಲವೂ ಸತ್ತಿವೆ ಅಂದುಕೊಳ್ಳಬೇಡ.

ಇನ್ನು ನಿನ್ನ ಮಾತ್ರೆ. ಬ್ಯಾಕ್ಟೀರಿಯಾಗಳು ಜೀನ್ ಬೆರೆಸಿಕೊಳ್ಳುತ್ತವೆ ಅಂತ ಲೆಡರ್‌ಬರ್ಗ್ ಮತ್ತು ಟೇಟಮ್ ಎಂಬ ವಿಜ್ಞಾನಿಗಳು 1946ರಲ್ಲಿ ತೋರಿಸಿದ್ದು ಇದೇ ಇ. ಕೋಲಿಯಲ್ಲಿ. ಔಷಧವನ್ನು ಸೋಲಿಸುವ ಜೀನ್‌ಗಳೂ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ಕೂತು ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಸಿಕ್ಕ ಮಾತ್ರೆ ನುಂಗಿದರೆ ಅದಕ್ಕೆ ಬಗ್ಗುವವು ಸಾಯುತ್ತವೆ, ಬಗ್ಗದವು ಉಳಿದು ಬೆಳೆಯುತ್ತವೆ. ಸಿಪ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್‌ಗೆ ಬಗ್ಗದ ಇ. ಕೋಲಿ ನಮ್ಮ ದೇಶದಲ್ಲಿ ಈಗಾಗಲೇ ಜಾಸ್ತಿ.

ನಾಳೆಯೇ ಡಾಕ್ಟರ ಹತ್ತಿರ ಹೋಗು. ಪದೇ ಪದೇ ಬರುತ್ತಿದೆ, ಕಲ್ಚರ್ ಮಾಡಿಸಿ ಅಂತ ನೀನೇ ಕೇಳು. ಹೊಸ ಮಾತ್ರೆ ಶುರು ಮಾಡುವ ಮೊದಲೇ ಸ್ಯಾಂಪಲ್ ಕೊಡು. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿ. ನುಂಗಿದ್ದರ ಹೆಸರು ಮುಚ್ಚಿಡಬೇಡ. ಬಾರ್ಲಿ ನೀರು ಕುಡಿ, ಆದರೆ ಮದ್ದಿನ ಬದಲಿಗೆ ಅಲ್ಲ. ಕಾಲೇಜಿನ ಟಾಯ್ಲೆಟ್‌ಗೆ ಹೇಸಿ ಮೂತ್ರ ಕಟ್ಟಿಕೊಂಡು ಕೂರಬೇಡ. ಚಳಿಜ್ವರ, ವಾಂತಿ, ಪಕ್ಕೆನೋವು ಬಂದರೆ ಸೋಂಕು ಕಿಡ್ನಿಗೆ ಏರಿರಬಹುದು. ಆಗ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡು, ದಾರಿಯಿಂದಲೇ ನನಗೆ ಫೋನ್ ಮಾಡು.

ಕಲ್ಚರ್ ರಿಪೋರ್ಟ್ ಬಂದ ಕೂಡಲೇ ಫೋಟೋ ಕಳಿಸು.

ನಿನ್ನ ದೊಡ್ಡಮ್ಮ