ಬುಲೆಟ್ ಇಂಜಿನ್ನಿನ ಕ್ಯಾಮ್ ತಪ್ಪಾಗಿ ಕೂಡಿಸಿದ ವರ್ಕ್‌ಶಾಪಿಗೆ ದೂರು ಪತ್ರ

ಇವರಿಗೆ,
ಮಾಲೀಕರು,
ಹಳೇ ಮೋಟಾರ್‌ಸೈಕಲ್ ಇಂಜಿನ್ ರೀಬಿಲ್ಡ್ ವರ್ಕ್‌ಶಾಪ್, ಬಳ್ಳಾರಿ

ಇವರಿಂದ,
1974ರ ಮಾಡೆಲ್ ಬುಲೆಟ್ 350 ಗಾಡಿಯ ಮಾಲೀಕ,
ಗಂಗಾವತಿ, ಕೊಪ್ಪಳ ಜಿಲ್ಲೆ

ವಿಷಯ: ವಾಲ್ವ್ ತೆರೆಸುವ ಕ್ಯಾಮಿನ ಟೈಮಿಂಗ್ ತಪ್ಪಿರುವುದು, ಬಿಲ್ ಮಾಡಿದ ಹೊಸ ಟ್ಯಾಪೆಟ್ (ಕ್ಯಾಮಿನ ಎತ್ತನ್ನು ವಾಲ್ವಿನತ್ತ ಮುಟ್ಟಿಸುವ ಭಾಗ) ಹಾಕದಿರುವುದು ಮತ್ತು ಇಂಜಿನ್ನಿನ ಕೆಳಗವಚವಾದ ಕ್ರ್ಯಾಂಕ್‌ಕೇಸಿಗೆ ಆದ ಹಾನಿಯ ಬಗ್ಗೆ.

ಮಾನ್ಯರೇ,

ನೀವು ಪೂರ್ತಿ ಬಿಚ್ಚಿ ಕಟ್ಟಿಕೊಟ್ಟ ನನ್ನ ಬುಲೆಟ್ಟಿನ ಇಂಜಿನ್ ಈಗ ಮತ್ತೆ ಬಿಚ್ಚಿಕೊಂಡು ಗಂಗಾವತಿಯ ಲೇತ್ ಅಂಗಡಿಯೊಂದರಲ್ಲಿ ಕೂತಿದೆ. ಒಳಗೆ ಏನೇನು ಕಂಡಿತೋ ಅದನ್ನು ಫೋಟೊ ಸಮೇತ ನಿಮ್ಮ ಗಮನಕ್ಕೆ ತರುತ್ತಿದ್ದೇನೆ. 28,500 ರೂಪಾಯಿ ಪೂರ್ತಿ ಪಾವತಿಯಾದ ನಿಮ್ಮ ಬಿಲ್ಲಿನ ನಕಲು ಜೊತೆಗಿದೆ.

ಗಾಡಿ ಬಿಡಿಸಿಕೊಂಡು ಹೊರಟ ದಿನವೇ ಐಡಲಿಂಗ್ ನಿಲ್ಲುತ್ತಿರಲಿಲ್ಲ, ಆಕ್ಸಲರೇಟರ್ ಬಿಟ್ಟರೆ ಇಂಜಿನ್ ಬಂದ್ ಆಗುತ್ತಿತ್ತು. ಕುರುಗೋಡು ದಾಟುವಷ್ಟರಲ್ಲಿ ಇಂಜಿನ್ ಕಾದು, ಆಕ್ಸಲರೇಟರ್ ಎಷ್ಟು ತಿರುವಿದರೂ ಎಳೆಯದಂತಾಯಿತು. ಕಾರ್ಬ್ಯುರೇಟರ್ ಹಿಂದಕ್ಕೆ ಉಗುಳಿ ಸೀನುತ್ತಿತ್ತು. ಫೋನ್ ಮಾಡಿದಾಗ ನಿಮ್ಮ ಮಿಸ್ತ್ರಿ ಕೊಟ್ಟ ಉತ್ತರ: "ಹಳೇ ಗಾಡಿ ಅಂದ್ರ ಹಿಂಗ ಇರ್ತೈತಿ ಸರ, ಓಡಿಸಿದಂಗ ಓಡಿಸಿದಂಗ ಸೆಟ್ ಆಗತೈತಿ." ಆಮೇಲೆ ಅವರು ಕಾರ್ಬ್ಯುರೇಟರ್ ಜೆಟ್ ಬದಲಿಸಿದರು, ಪಾಯಿಂಟ್ ಗ್ಯಾಪ್ ತಿದ್ದಿದರು, ಪ್ಲಗ್ ಹೊಸದು ಹಾಕಿ ಅದಕ್ಕೂ ದುಡ್ಡು ತೆಗೆದುಕೊಂಡರು. ತುಂಗಭದ್ರಾ ಡ್ಯಾಮಿನಿಂದ ನದಿಗೆ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದ್ದಾಗಲೂ ಸುತ್ತು ಹಾಕಿಕೊಂಡು ಟಾಟಾ ಏಸ್‌ನಲ್ಲಿ ಗಾಡಿ ಹೇರಿಕೊಂಡು ನಿಮ್ಮಲ್ಲಿಗೆ ಬಂದಿದ್ದೇನೆ. ಬಂದಾಗಲೆಲ್ಲ ನಾನು ಕೇಳಿದ್ದು ಒಂದೇ ಮಾತು: ಬಲಗಡೆಯ ಟೈಮಿಂಗ್ ಕವರ್ ನನ್ನ ಎದುರಿಗೆ ತೆಗೆದು ಗಿಯರ್ ಹಲ್ಲಿನ ಗುರುತು ತೋರಿಸಿ. "ಟೈಮಿಂಗ್ ಓಕೆ ಇದೆ, ಬಿಚ್ಚುವ ಅಗತ್ಯವಿಲ್ಲ" ಎಂದು ನೀವೇ ವಾಟ್ಸಾಪ್‌ನಲ್ಲಿ ಬರೆದಿದ್ದೀರಿ. ಆ ಮೆಸೇಜ್ ನನ್ನ ಹತ್ತಿರ ಇದೆ. ಬೇರೆ ಕಡೆ ಬಿಚ್ಚಿಸಿದರೆ ಗ್ಯಾರಂಟಿ ಹೋಗುತ್ತದೆ ಎಂದು ಈಗ ಹೇಳುವ ಮೊದಲು ಅದನ್ನೊಮ್ಮೆ ಓದಿಕೊಳ್ಳಿ.

ಇಲ್ಲಿಯ ಹಿರಿಯ ಮಿಸ್ತ್ರಿಯೊಬ್ಬರು ಏನನ್ನೂ ಬಿಚ್ಚದೆ ಮೊದಲು ವಾಲ್ವ್ ನೋಡಿದರು. ಎಕ್ಸಾಸ್ಟ್ ಸ್ಟ್ರೋಕ್ ಮುಗಿದು ಪಿಸ್ಟನ್ ಮೇಲಿನ ತುದಿಗೆ ಬಂದು ನಿಂತಾಗ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಮುಚ್ಚುವ ಹಂತದಲ್ಲಿರಬೇಕು, ಪೆಟ್ರೋಲ್-ಗಾಳಿ ಒಳಬಿಡುವ ಇನ್ಲೆಟ್ ಆಗತಾನೇ ತೆರೆಯುತ್ತಿರಬೇಕು. ನನ್ನ ಇಂಜಿನ್ನಿನಲ್ಲಿ ಆ ಹೊತ್ತಿಗೂ ಎಕ್ಸಾಸ್ಟ್ ವಾಲ್ವ್ ಚೆನ್ನಾಗಿ ತೆರೆದೇ ಇತ್ತು. ಆಮೇಲೆ ಕವರ್ ತೆಗೆದರೆ ಇನ್ಲೆಟ್ ಕ್ಯಾಮಿನ ಗುರುತು ಸರಿಯಾಗಿದೆ, ಎಕ್ಸಾಸ್ಟ್ ಕ್ಯಾಮ್ ಒಂದು ಹಲ್ಲು ಹಿಂದೆ ಕೂತಿದೆ. ಕವರಿನ ಬೋಲ್ಟ್ ಸಡಿಲಿಸುವುದರಿಂದ ಹಿಡಿದು ಗುರುತು ಕಾಣುವವರೆಗೆ ಎಲ್ಲಿಯೂ ಕಟ್ ಇಲ್ಲದ ವಿಡಿಯೊ ಇದೆ.

ಈ ಇಂಜಿನ್ನಿನಲ್ಲಿ ಇನ್ಲೆಟ್ಟಿಗೆ ಒಂದು, ಎಕ್ಸಾಸ್ಟಿಗೆ ಒಂದು ಕ್ಯಾಮ್, ಎರಡಕ್ಕೂ ಬೇರೆ ಬೇರೆ ಸ್ಪಿಂಡಲ್ (ಕ್ಯಾಮ್ ಸುತ್ತುವ ಗೂಟ). ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ತಿರುಗುವುದು ಒಂದೇ ಸುತ್ತು. ಹಾಗಾಗಿ ಕ್ಯಾಮಿನಲ್ಲಿ ಆದ ತಪ್ಪು ಕ್ರ್ಯಾಂಕಿನ ಲೆಕ್ಕದಲ್ಲಿ ಎರಡು ಪಟ್ಟು ಆಗುತ್ತದೆ. ಎಕ್ಸಾಸ್ಟ್ ತಡವಾಗಿ ಮುಚ್ಚಿದರೆ ಒಳಗೆ ಬಂದ ಹೊಸ ಪೆಟ್ರೋಲ್-ಗಾಳಿಯ ಜೊತೆ ಸುಟ್ಟ ಹೊಗೆ ಬೆರೆಯುತ್ತದೆ. ಐಡಲಿಂಗ್ ನಿಲ್ಲದಿದ್ದದ್ದು, ಕಾರ್ಬ್ಯುರೇಟರ್ ಸೀನಿದ್ದು ಇದರಿಂದ. ಜೆಟ್ ಬದಲಿಸಿ ಇದನ್ನು ಸರಿಪಡಿಸಲು ಯಾರಿಂದಲೂ ಆಗುವುದಿಲ್ಲ. ಹಲ್ಲಿನ ಮೇಲೆ ಕಂಪನಿಯವರು ಗುರುತು ಕೊರೆದಿರುವುದೇ ಕೂಡಿಸುವವರು ಅದನ್ನು ನೋಡಲಿ ಅಂತ. ಕವರ್ ಮುಚ್ಚುವ ಮೊದಲು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿದ್ದರೆ ಅಲ್ಲಿಯೇ ಗೊತ್ತಾಗುತ್ತಿತ್ತು.

ಟೈಮಿಂಗ್ ತಪ್ಪಿದ್ದನ್ನಾದರೂ ಕೈತಪ್ಪು ಎಂದು ಒಪ್ಪಬಹುದು. ಟ್ಯಾಪೆಟ್ ವಿಷಯವನ್ನು ಹಾಗೆ ಒಪ್ಪಲು ನಾನು ತಯಾರಿಲ್ಲ. ನಿಮ್ಮ ಬಿಲ್ಲಿನಲ್ಲಿ "ಟ್ಯಾಪೆಟ್ ಜೋಡಿ, ಹೊಸದು" ಎಂದು ಸ್ಪಷ್ಟವಾಗಿ ಬರೆದಿದೆ. ಹೊರತೆಗೆದ ಟ್ಯಾಪೆಟ್ಟಿನ ಪಾದವನ್ನು ಬಿಸಿಲಿಗೆ ಹಿಡಿದರೆ ಮಧ್ಯದಲ್ಲಿ ಸವೆದ ಗುಳಿ ಕಾಣುತ್ತದೆ, ಉಗುರು ಎಳೆದರೆ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಅದು ಎಷ್ಟೋ ವರ್ಷ ಓಡಿದ ಟ್ಯಾಪೆಟ್. ನೀವು ಹಾಕಿದಂಥ ಹೊಸ ಕ್ಯಾಮಿನ ಮೇಲೆ ಸವೆದ ಟ್ಯಾಪೆಟ್ ಹಾಕಬಾರದು. ಹಾಕಲೇಬೇಕೆಂದರೆ ಪಾದವನ್ನು ಮತ್ತೆ ಗ್ರೈಂಡ್ ಮಾಡಿಸಿರಬೇಕು. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಎರಡೂ ಮೈಗಳು ಸಮನಾಗಿ ಕೂಡದಿದ್ದರೆ ಒತ್ತಡವೆಲ್ಲ ಅಂಚಿನ ಮೇಲೆ ಬಿದ್ದು ಕ್ಯಾಮಿನ ಮೂತಿ ಸವೆಯುತ್ತದೆ. ಈಗ ಎಕ್ಸಾಸ್ಟ್ ಕ್ಯಾಮಿನ ಮೂತಿಯಲ್ಲಿ ಗೆರೆ ಬಿದ್ದಿವೆ, ಆಯಿಲ್ ಫಿಲ್ಟರಿನ ಫೆಲ್ಟ್ ಬಟ್ಟೆಯಲ್ಲಿ ಉಕ್ಕಿನ ಪುಡಿ ಮಿನುಗುತ್ತಿದೆ. ಟೈಮಿಂಗ್ ಕವರಿನಲ್ಲಿ ಎಣ್ಣೆ ಹೋಗುವ ರಂಧ್ರದ ಬಾಯಿಗೆ ಕೆಂಪು ಸಿಲಿಕಾನ್ ಪೇಸ್ಟ್ ಉಬ್ಬಿಕೊಂಡು ಬಂದಿತ್ತು. ಕ್ರ್ಯಾಂಕಿಗೆ ಎಣ್ಣೆ ಹೋಗುವುದು ಈ ಕವರಿನ ಮೂಲಕವೇ. ಇನ್ನಷ್ಟು ಓಡಿಸಿದ್ದರೆ ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡುವ ಕಡೆಯ ಬೇರಿಂಗ್) ಕೂಡ ಹಾಳಾಗುತ್ತಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗಿರುವುದು ಕ್ರ್ಯಾಂಕ್‌ಕೇಸಿನ ಸ್ಥಿತಿ ನೋಡಿ. ಕ್ಯಾಮ್ ಸ್ಪಿಂಡಲ್ ಕೂಡಿಸುವಾಗ ಅಲ್ಯೂಮಿನಿಯಂ ಕೇಸನ್ನು ಕಾಯಿಸಿ, ರಂಧ್ರ ಹಿಗ್ಗಿದ ಮೇಲೆ ಸ್ಪಿಂಡಲನ್ನು ನೆಟ್ಟಗೆ ಒತ್ತಬೇಕು. ನಿಮ್ಮಲ್ಲಿ ತಣ್ಣಗಿನ ಕೇಸಿಗೇ ಬಡಿದು ಕೂಡಿಸಿದ್ದಾರೆ: ಸ್ಪಿಂಡಲಿನ ತಲೆಯ ಮೇಲೆ ಸುತ್ತಿಗೆಯ ಏಟು ಮೂಡಿದೆ, ರಂಧ್ರದ ಅಂಚು ಕಿತ್ತಿದೆ, ಸ್ಪಿಂಡಲ್ ವಾಲಿದೆ. ಕ್ಯಾಮ್ ಗಿಯರ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಇಂಜಿನ್ನಿನಿಂದ ಬರುತ್ತಿದ್ದ ಕಟಕಟ ಸದ್ದಿನ ಮೂಲ ಇದು. "ಬೇರೆ ಕೇಸ್ ಹಾಕಿಬಿಡೋಣ" ಎಂದು ನಿಮ್ಮ ಮಿಸ್ತ್ರಿ ಹಗುರಾಗಿ ಹೇಳಿದರು. ಇಂಜಿನ್ ನಂಬರ್ ಇರುವುದು ಆ ಕೇಸಿನ ಮೇಲೆ. 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಿಂದ ಕೇಂದ್ರದ ನಿಯಮವಿದೆ. ಅದಕ್ಕೆಂದೇ ನಾನು ನಟ್ಟು ಬೋಲ್ಟು ಸಹಿತ ಹಳೆಯದನ್ನೇ ಉಳಿಸಿಕೊಂಡು ಬಂದಿದ್ದೇನೆ. ನಮ್ಮ ತಂದೆ ಇದೇ ಗಾಡಿಯ ಮೇಲೆ ಭತ್ತದ ಗದ್ದೆಗೆ ಹೋಗಿ ಬರುತ್ತಿದ್ದರು. ನಂಬರ್ ಬದಲಾದರೆ ಅದು ಆ ಗಾಡಿ ಆಗುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ಕೂಲಿಯ ಹಣವನ್ನೂ, ಹಾಕದ ಟ್ಯಾಪೆಟ್ಟಿನ ಹಣವನ್ನೂ ವಾಪಸ್ ಕೊಡಬೇಕು. ಕೇಸಿನ ರಂಧ್ರ ರಿಪೇರಿ, ಹೊಸ ಸ್ಪಿಂಡಲ್, ಕ್ಯಾಮ್ ಸೆಟ್ ಮತ್ತು ಟ್ಯಾಪೆಟ್ ಖರ್ಚನ್ನು ನೀವೇ ಭರಿಸಬೇಕು. ಕೆಲಸ ಮಾತ್ರ ನಾನು ಹೇಳಿದ ಕಡೆ, ನನ್ನ ಎದುರಿಗೆ ಆಗಬೇಕು. ನಿಮ್ಮಲ್ಲಿಗೆ ಮತ್ತೆ ಇಂಜಿನ್ ಕಳಿಸಲಾರೆ. ನನ್ನ ಹಳೇ ಕ್ಯಾಮ್ ಜೋಡಿ ನಿಮ್ಮ ಹತ್ತಿರವೇ ಉಳಿದಿದೆ, ಅದನ್ನು ಕೂಡಲೇ ಕೊಡಬೇಕು. ಸವೆದದ್ದಾದರೂ ಅದು ನನ್ನ ಸೊತ್ತು. ನಿಮ್ಮ ಶೆಡ್ಡಿನಲ್ಲಿ ನನ್ನ ಗಾಡಿಯ ಪಕ್ಕ ಇನ್ನೂ ಕೆಲವು ಹಳೇ ಬುಲೆಟ್ ಇಂಜಿನ್ ಬಿಚ್ಚಿಟ್ಟಿದ್ದನ್ನು ನೋಡಿದ್ದೇನೆ. ಅವುಗಳ ಸ್ಪಿಂಡಲ್ಲನ್ನಾದರೂ ಕೇಸ್ ಕಾಯಿಸದೆ ಬಡಿಯದಿರಲು ನಿಮ್ಮ ಹುಡುಗರಿಗೆ ಹೇಳಿ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಸೇವಾ ನ್ಯೂನತೆಯ ದೂರನ್ನು ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದಾಖಲಿಸುತ್ತೇನೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಇಂಜಿನ್ ಬಿಚ್ಚಿದ ಸ್ಥಿತಿಯಲ್ಲೇ ಇರುತ್ತದೆ, ಅಲ್ಲಿಯವರೆಗೆ ಯಾವ ಭಾಗವನ್ನೂ ಕದಲಿಸುವುದಿಲ್ಲ. ನೀವೇ ಬಂದು ಕಣ್ಣಾರೆ ನೋಡುವುದಾದರೆ ಹಿಂದಿನ ದಿನ ಫೋನ್ ಮಾಡಿ ಬನ್ನಿ. ಟ್ಯಾಪೆಟ್ ಕೂಡಿಸಿದ ಮಿಸ್ತ್ರಿಯನ್ನೂ ಜೊತೆಗೆ ಕರೆತನ್ನಿ.

ಇಂತಿ ತಮ್ಮ ಗ್ರಾಹಕ,
(ಸಹಿ)
ಗಂಗಾವತಿ